ವಾನ್ ಹೈಸಮ್, ಯಾನ್
1682-1749. ಹೂಹಣ್ಣುಗಳ ಸ್ಥಿರವಸ್ತು ಚಿತ್ರಗಳಿಗೆ ಹೆಸರಾದ ಡಚ್ ವರ್ಣಚಿತ್ರಕಾರ. ಹುಟ್ಟೂರು ಆಮ್‌ಸ್ಟರ್‌ಡ್ಯಾಮ್. ತಂದೆ ಯೂಸ್ಟಸ್ ಕೂಡ ಹೂವಿನ ಚಿತ್ರಕಾರ. ಮಗನಿಗೆ ಕುಂಚ ಹಿಡಿಸಿದವನು ಆತನೇ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಸುಟ್ಟ ಮಣ್ಣಿನ ಹೂದಾನಿಯ ಚಿತ್ರದ ಮೇಲೆ ಇವನು 1736 ಮತ್ತು 1737 ಎಂದು ಎರಡು ವರ್ಷಗಳನ್ನು ನಮೂದಿಸಿದ್ದಾನೆ. ಆಯಾ ಋತುವಿನ ಹೂವು ಅರಳುವವರೆಗೆ ಕಾದು, ಅದನ್ನು ಕಣ್ಣಾರೆ ಕಂಡೇ ಬರೆಯುವುದು ಇವನ ಪದ್ಧತಿ. ಹಳದಿ ಗುಲಾಬಿ ಸಿಗದ್ದರಿಂದ ಚಿತ್ರ ಮುಗಿದಿಲ್ಲವೆಂದು 1742ರಲ್ಲಿ ಪೋಷಕನೊಬ್ಬನಿಗೆ ಪತ್ರ ಬರೆದದ್ದೂ ಉಂಟು. ಹೀಗಾಗಿ ಯಾವ ತೋಟದಲ್ಲೂ ಒಂದೇ ದಿನ ಕೂಡಿಬಾರದ ಹೂಗಳು ಇವನ ಹೂದಾನಿಯಲ್ಲಿ ಒಟ್ಟಿಗೆ ನಿಲ್ಲುತ್ತವೆ.

ಇಂಥ ಚಿತ್ರವನ್ನು ಮೊದಲು ದೂರ ನಿಂತು ನೋಡಬೇಕು: ಬೆಳಕು ಎಲ್ಲಿಂದ ಬಂದು ಯಾವ ಎಸಳಿನ ಮೇಲೆ ತಂಗಿದೆ, ಬಳುಕಿದ ಕಾಂಡ ಕಣ್ಣನ್ನು ಎತ್ತ ಒಯ್ಯುತ್ತದೆ ಎಂದು. ಆಮೇಲೆ ಹತ್ತಿರ ಹೋದರೆ ಇಬ್ಬನಿ, ಇರುವೆ, ನೊಣ, ಮೊಟ್ಟೆಗಳಿರುವ ಹಕ್ಕಿಗೂಡು ಒಂದೊಂದಾಗಿ ಕಾಣತೊಡಗುತ್ತವೆ. ದ್ರಾಕ್ಷಿಯ ಒಳಗಿಂದ ಬೆಳಕು ಹಾಯುವುದನ್ನು ಇಷ್ಟು ನಿಜವಾಗಿ ಬರೆದವರು ವಿರಳ. ಹಿಂದಿನವರ ಕಪ್ಪು ಹಿನ್ನೆಲೆಯನ್ನು ಬಿಟ್ಟು, ಸುಮಾರು 1720ರಿಂದ ತಿಳಿಯಾದ ಹಿನ್ನೆಲೆಗೆ ಹೊರಳಿದ್ದು ಇವನ ದೊಡ್ಡ ಹೆಜ್ಜೆ. ಕೆಲವು ಎಲೆಗಳು ಇಂದು ನೀಲಿಯಾಗಿ ಕಾಣುವುದಕ್ಕೆ ಕಾರಣ, ಹಸಿರಿಗೆ ಬೆರೆಸಿದ ಹಳದಿ ಬಣ್ಣ ಕಾಲಕ್ರಮದಲ್ಲಿ ಮಾಸಿರುವುದು.

ತಂತ್ರವನ್ನು ಗುಟ್ಟಾಗಿಟ್ಟ ಇವನು ಚಿತ್ರಶಾಲೆಗೆ ಸೋದರರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲವೆಂದು ಹೇಳಲಾಗಿದೆ. ಶಿಷ್ಯೆಯಾಗಿ ಹೆಸರು ಉಳಿದಿರುವುದು ಮಾರ್ಗರೆಟಾ ಹಾವರ್ಮನ್‌ಳದು.