ಸಾಲುಮರ ನೆಟ್ಟವರು ಗೊತ್ತು, ಕೊಂಬೆ ಸವರೋರು ಯಾರು?

ಅಶೋಕ ಏನು ಮಾಡಿದ ಅಂತ ಕೇಳಿದ್ರೆ ಪರೀಕ್ಷೆಯಲ್ಲಿ ನಾವೆಲ್ಲ ಬರೆದದ್ದು ಒಂದೇ ಉತ್ತರ: ಸಾಲುಮರ ನೆಡಿಸಿದ. ಅವನ ಶಾಸನ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ತಮಾಷೆ ಅಂದ್ರೆ, ದಾರಿ ಬದಿ ಆಲ ನೆಡಿಸಿದ ಮಾತು ಬ್ರಹ್ಮಗಿರಿಯ ಬಂಡೆ ಮೇಲಿಲ್ಲ. ಅದಿರೋದು ಈಗ ದೆಹಲಿಯಲ್ಲಿರುವ ಒಂದು ಸ್ತಂಭದ ಮೇಲೆ. ಆ ಮರಗಳ ಕೊಂಬೆ ಯಾರು ಸವರಬೇಕು ಅನ್ನೋದು ಎರಡೂ ಕಡೆ ಇಲ್ಲ ಬಿಡಿ.

ನನಗೆ ಈ ಪ್ರಶ್ನೆ ಎದ್ದಿದ್ದು ಹೊಳಲ್ಕೆರೆಯ ನಮ್ಮ ಮನೆ ಮುಂದೆ. ತಾತ ಕಾಂಪೌಂಡ್ ಒಳಗೆ ನೆಟ್ಟ ಬೇವು ಬೆಳೆದು ಬೀದಿಗೆ ಬಾಗಿತ್ತು. ಮುಂಗಾರಿಗೆ ಮುಂಚೆ ಒಂದು ಸಂಜೆ, ಗಾಳಿಗೆ ತೊಡೆ ದಪ್ಪದ ಕೊಂಬೆ ಮುರಿದು ರಸ್ತೆಗೆ ಬಿತ್ತು. ಎರಡು ನಿಮಿಷದ ಹಿಂದೆ ಅಲ್ಲೇ ಟ್ಯೂಷನ್ ಮಕ್ಕಳು ಸೈಕಲ್ ಹಿಡ್ಕೊಂಡು ನಿಂತಿದ್ರು. ಅಮ್ಮ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಯಾರ ಮೇಲಾದ್ರೂ ಬಿದ್ದಿದ್ರೆ? 1926ರಲ್ಲಿ ಇಂಗ್ಲೆಂಡಿನಲ್ಲಿ ಇಂಥದ್ದೇ ಕೇಸು ನಡೆಯಿತು. ಬೀಚ್ ಮರದ ಕೊಂಬೆ ರಸ್ತೆಯಲ್ಲಿ ಹೋಗ್ತಿದ್ದ ಗಾಡಿ ಮೇಲೆ ಬಿದ್ದಿತ್ತು. ಒಳಗಿನ ದೋಷ ಹೊರಗೆ ಕಾಣುವಂತಿರಲಿಲ್ಲ, ಹಾಗಾಗಿ ಮಾಲೀಕ ಹೊಣೆಯಲ್ಲ ಅಂತ ತೀರ್ಪಾಯಿತು. ನಮ್ಮ ಬೇವಿನ ಟೊಳ್ಳು ಗೇಟಿನಿಂದಲೇ ಕಾಣ್ತಿತ್ತು.

ನಮ್ಮ ಕಾನೂನಿಗೆ ಎರಡು ಮುಖ. ದಾರಿಹೋಕರ ಮೇಲೆ ಬೀಳೋ ಹಾಗಿರುವ ಮರವನ್ನು ತೆಗೆಯಿರಿ ಇಲ್ಲವೇ ಆಸರೆ ಕೊಡಿ ಅಂತ ಮಾಲೀಕರಿಗೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು ಅಂತ 1973ರ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್ ಹೇಳಿತು. ಈಗ ಅದು 2023ರ ಹೊಸ ಸಂಹಿತೆಯ 152. ಮೂರೇ ವರ್ಷಕ್ಕೆ, 1976ರಲ್ಲಿ, ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯ್ದೆ ಬಂತು. ನಿಮ್ಮದೇ ಜಾಗದ ಮರವಾದ್ರೂ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಉರುಳಿಸುವ ಹಾಗಿಲ್ಲ. ತೆಂಗು, ನೀಲಗಿರಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ನನ್ನ ಪ್ರಕಾರ ಎರಡೂ ಬೇಕು. ಆದ್ರೆ ಎರಡನೆಯದಕ್ಕೆ ಹೆದರಿ ಮೊದಲನೆಯದನ್ನು ಮರೆಯೋದು ನಮ್ಮ ಅಭ್ಯಾಸ. "ಮುಟ್ಟಿದ್ರೆ ಕೇಸಾಗುತ್ತೆ ಕಣಪ್ಪ" ಅಂತ ಅಪ್ಪನೂ ಮೂರು ವರ್ಷ ತಳ್ಳಿದ್ರು.

ಕೊನೆಗೆ ಒಂದು ಪುಟದ ಅರ್ಜಿ ಬರೆದ್ವಿ. ಅರಣ್ಯ ಇಲಾಖೆಯವರು ಬಂದು ನೋಡಿದ್ರು. ಬೆಸ್ಕಾಂನವರು ಲೈನ್ ಆಫ್ ಮಾಡಿದ ಮೇಲೆ, ಹಗ್ಗ ಕಟ್ಟಿ ಬೀದಿ ಕಡೆಯ ಕೊಂಬೆಗಳನ್ನಷ್ಟೇ ಇಳಿಸಿದ್ವಿ. ಮರ ಉಳೀತು. ಟ್ಯೂಷನ್ ಮಕ್ಕಳು ಮಾತ್ರ ಈಗಲೂ ಎದುರು ಬದಿಯ ಬಿಸಿಲಲ್ಲೇ ನಿಲ್ತಾರೆ.