ಕೈ ವಿಚಿತ್ರ ಆದ್ರ ಬಾಲ್ ನೋಬಾಲ್ ಆಗ್ತದೇನು?



ಹೋದ ವರ್ಷ ಜಯಂತಿ ಮ್ಯಾಚಿನಾಗ ಆದ ಜಗಳ ನಿಮಗೆಲ್ಲ ನೆನಪಿರಬೇಕು. ನಾರಾಯಣಪೇಟ, ಮಕ್ತಲ್, ಗದ್ವಾಲ ಮೂರೂ ಕಡೆಯಿಂದ ಹುಡುಗರು ಬಂದಿದ್ದರು. ನಮ್ಮ ಓಣಿಯ ಹುಡುಗನೊಬ್ಬ ಓಡಿ ಬರುತ್ತಾ ನಡುವೆ ಒಂದು ಸುತ್ತು ಗಿರ್ರನೆ ತಿರುಗಿ ಬಾಲ್ ಹಾಕಿದ. ಸ್ಟಂಪು ಹಾರಿತು. ಎದುರಿನವರು ನೋಬಾಲ್ ಅಂತ ಕೂಗಿದರು, ಅಂಪೈರ್ ಆಗಿ ನಿಂತವರೂ ಕೈ ಚಾಚಿಬಿಟ್ಟರು. ಯಾವ ನಿಯಮ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. "ಇದು ಕ್ರಿಕೆಟ್ ಅಲ್ಲ, ದೊಂಬರಾಟ" ಅಂದರು ಒಬ್ಬರು. ಆ ಮಾತು ಬಾಲಿಗೆ ಅಂದದ್ದೋ ಹುಡುಗನಿಗೆ ಅಂದದ್ದೋ, ನೀವೇ ತೂಗಿ ನೋಡ್ರಿ. (ದೊಂಬರೂ ನಮ್ಮಂಗ ದುಡಿದು ತಿಂದ ಜನ. ಅವರ ಹೆಸರು ಬೈಗುಳ ಆಗಿದ್ದು ಹ್ಯಾಂಗ ಅನ್ನೋದು ಬೇರೆ ಲೇಖನದ ಮಾತು.) ಅಂದು ರಾತ್ರಿಯಿಂದ ನಾನು ಈ ನಿಯಮದ ಬೆನ್ನು ಹತ್ತಿದೆ.

ಮೊದಲು ಪುಸ್ತಕದ ಮಾತು. ಕ್ರಿಕೆಟ್ ನಿಯಮಗಳನ್ನು 1788ರಿಂದ ಬರೆಯುತ್ತಾ ಬಂದದ್ದು ಲಂಡನ್ನಿನ ಎಂಸಿಸಿ ಎಂಬ ಕ್ಲಬ್ಬು. ಬೌಲರ್ ಹೇಗೆ ಓಡಿ ಬರಬೇಕು, ಕೈ ಎಷ್ಟು ಸಲ ತಿರುಗಿಸಬೇಕು, ತಲೆ ಎತ್ತ ಇರಬೇಕು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಯಾವ ಕೈಯಿಂದ, ವಿಕೆಟ್ಟಿನ ಯಾವ ಬದಿಯಿಂದ ಹಾಕುತ್ತೇನೆಂದು ಕೇಳಿದಾಗ ಅಂಪೈರಿಗೆ ಹೇಳಬೇಕು. ಕಾಲು ಗೆರೆ ದಾಟಬಾರದು. ಇನ್ನು ಕೈಯ ವಿಷಯ: ತೋಳು ಭುಜದ ಮಟ್ಟಕ್ಕೆ ಬಂದಾಗಿನಿಂದ ಬಾಲ್ ಬಿಡುವವರೆಗೆ ಮಡಿಸಿದ ಮೊಣಕೈಯನ್ನು ನೆಟ್ಟಗೆ ಮಾಡಬಾರದು. ಇದನ್ನ ಸರಿಯಾಗಿ ಕೇಳಿಸ್ಕೊಳ್ರಿ, ಯಾಕಂದ್ರ ನಮ್ಮ ಕಡೆ ಎಲ್ಲರೂ ತಪ್ಪು ತಿಳಿದಿರೋದು ಇಲ್ಲೇ. ಕೈ ಮಡಿಸಿರೋದು ತಪ್ಪಲ್ಲ. ಮಡಿಸಿದ್ದನ್ನ ಬಿಚ್ಚಿ ಎಸೆಯೋದು ತಪ್ಪು. ಹುಟ್ಟಿನಿಂದಲೇ ಕೈ ಸೊಟ್ಟ ಇದ್ದವನೂ ಬೌಲಿಂಗ್ ಮಾಡಬಹುದು.

ಸೊಟ್ಟ ಕೈ ಅಂದ ಕೂಡಲೇ ಮುರಳೀಧರನ್ ನೆನಪಾಗುತ್ತಾರೆ. ಶ್ರೀಲಂಕಾದ ತಮಿಳು ಮನೆತನದವರು. ಅವರ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗುವುದಿಲ್ಲ. 1995ರ ಡಿಸೆಂಬರ್ 26ರಂದು ಮೆಲ್ಬರ್ನಿನ ಮೈದಾನದಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಅವರಿಗೆ ಏಳು ಸಲ ನೋಬಾಲ್ ಕೊಟ್ಟರು. ಅದೇ ದಿನ ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲಿ ಕೇಪ್ ಟೌನಿನ ಪಾಲ್ ಆ್ಯಡಮ್ಸ್ ಎಂಬ 18ರ ಹುಡುಗನ ಮೊದಲ ಟೆಸ್ಟ್ ಶುರುವಾಯಿತು. ವರ್ಣಭೇದದ ಕಾಲದಲ್ಲಿ ಬಿಳಿಯರ ಟೀಮಿನ ಹತ್ತಿರವೂ ಸೇರಿಸದೇ ಇದ್ದ ಸಮುದಾಯದ ಹುಡುಗ. ಬಾಲ್ ಬಿಡುವ ಹೊತ್ತಿಗೆ ಅವನ ತಲೆ ನೆಲಕ್ಕೆ ಬಗ್ಗಿ, ಕಣ್ಣು ಬ್ಯಾಟ್ಸ್‌ಮನ್‌ನನ್ನು ಬಿಟ್ಟು ಎತ್ತಲೋ ಇರುತ್ತಿತ್ತು. ಜನ ನಕ್ಕರು, ಕಪ್ಪೆಗೆ ಹೋಲಿಸಿದರು. ಆದರೆ ಮೊಣಕೈಯಲ್ಲಿ ತಪ್ಪಿಲ್ಲದ ಕಾರಣ 45 ಟೆಸ್ಟ್ ಆಡಿ 134 ವಿಕೆಟ್ ತೆಗೆದ.

ಮುಂದೆ ಕ್ಯಾಮೆರಾ ಹಚ್ಚಿ ಅಳೆದಾಗ, ನೆಟ್ಟಗೆ ಕೈ ಬೀಸ್ತಾರೆ ಅಂತ ಹೊಗಳಿಸಿಕೊಂಡ ಬೌಲರುಗಳ ಮೊಣಕೈಯೂ ಸ್ವಲ್ಪ ಬಿಚ್ಚಿಕೊಳ್ಳುತ್ತದೆ ಎಂದು ತಿಳಿಯಿತು. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಅದಕ್ಕೇ 2005ರಿಂದ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ 15 ಡಿಗ್ರಿವರೆಗೆ ಬಿಚ್ಚಿಕೊಂಡರೆ ನಡೆಯುತ್ತದೆ ಎಂದಾಯಿತು. ಮುರಳೀಧರನ್ 800 ಟೆಸ್ಟ್ ವಿಕೆಟ್ ತೆಗೆದು ನಿಲ್ಲಿಸಿದರು.

ನಮ್ಮ ಕನ್ನಡದವರ ಲೆಕ್ಕ ಬೇಕಲ್ಲ? ಮೈಸೂರಿನ ಬಿ.ಎಸ್. ಚಂದ್ರಶೇಖರ್ ಅವರಿಗೆ ಎಳೆತನದಲ್ಲೇ ಪೋಲಿಯೋ ಆಗಿ ಬಲಗೈ ಸೊರಗಿತ್ತು. ಫೀಲ್ಡಿಂಗಿನಲ್ಲಿ ಬಾಲ್ ಎಸೆಯಲು ಎಡಗೈ. ಬೌಲಿಂಗಿಗೆ ಮಾತ್ರ ಆ ಸೊರಗಿದ ಬಲಗೈಯೇ. 1971ರಲ್ಲಿ ಲಂಡನ್ನಿನ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದರು. ಇತ್ತೀಚೆಗೆ ಬೆಂಗಳೂರಿನ ಶಿವಿಲ್ ಕೌಶಿಕ್, ಥೇಟ್ ಪಾಲ್ ಆ್ಯಡಮ್ಸ್ ಥರ ತಲೆ ತಿರುಗಿಸಿ ಹಾಕುವ ಹುಡುಗ, ಹುಬ್ಬಳ್ಳಿ ಟೀಮಿನಿಂದ 2016ರಲ್ಲಿ ಐಪಿಎಲ್‌ಗೆ ಹೋದ.

ಈಗ ನಮ್ಮ ಹುಡುಗನ ಗಿರ್ರನೆ ಸುತ್ತಿಗೆ ಬರೋಣ. ಅದಕ್ಕೂ ಒಂದು ದಾಖಲೆ ಇದೆ. 2018ರ ನವೆಂಬರಿನಲ್ಲಿ 23ರೊಳಗಿನವರ ಸಿ.ಕೆ. ನಾಯ್ಡು ಟ್ರೋಫಿಯಲ್ಲಿ ಉತ್ತರ ಪ್ರದೇಶದ ಶಿವಾ ಸಿಂಗ್ ಬಂಗಾಳದ ಮೇಲೆ ಹೀಗೇ ಪೂರ್ತಿ ಒಂದು ಸುತ್ತು ತಿರುಗಿ ಬಾಲ್ ಹಾಕಿದ. ಅಂಪೈರ್ ಡೆಡ್ ಬಾಲ್ ಎಂದರು. ನೋಬಾಲ್ ಅಲ್ಲ, ಗಮನಿಸ್ರಿ. ಬ್ಯಾಟ್ಸ್‌ಮನ್‌ನ ಗಮನ ಬೇಕಂತಲೇ ಕೆಡಿಸಬಾರದು ಎಂಬ ಇನ್ನೊಂದು ನಿಯಮ ಉಂಟು. ಎಂಸಿಸಿ ಆಗ ಹೇಳಿದ್ದರ ಸಾರ ಇಷ್ಟು: ಪ್ರತಿ ಬಾಲಿಗೂ ಹಾಗೇ ತಿರುಗುವುದು ಅವನ ರೂಢಿಯಾಗಿದ್ದರೆ ಒಂದು ಮಾತು, ಒಂದೇ ಬಾಲಿಗೆ ದಿಢೀರನೆ ತಿರುಗಿದರೆ, ಅದು ಗಮನ ಕೆಡಿಸಲಿಕ್ಕೋ ಅಂತ ಅಂಪೈರ್ ಯೋಚಿಸಬೇಕಾಗುತ್ತದೆ.

ಈ ಪ್ರಶ್ನೆ ಕ್ರಿಕೆಟ್ಟಿನದು ಮಾತ್ರ ಅಲ್ಲ. ಅಮೆರಿಕದ ಬೇಸ್‌ಬಾಲಿನಲ್ಲಿ ಬಾಲ್ ಎಸೆಯುವವನನ್ನು ಪಿಚರ್ ಅನ್ನುತ್ತಾರೆ. ಅಲ್ಲಿ ಮೊಣಕೈ ಬಿಚ್ಚಿ ಎಸೆಯುವುದೇ ಆಟ. ಅಲ್ಲಿನ ನಿಯಮ ನೋಡುವುದು ಎಸೆಯುವ ಮುಂಚಿನ ಮೈಯ ಚಲನೆಯನ್ನು. ಶುರು ಮಾಡಿದ ಮೇಲೆ ನಡುವೆ ನಿಲ್ಲಬಾರದು. ಯಾಕಂದರೆ ಮೂಲೆಮೂಲೆಯಲ್ಲಿ ನಿಂತ ಓಟಗಾರರು ಅವನ ಮೈ ನೋಡಿಯೇ ಓಡುತ್ತಾರೆ. ಸುಳ್ಳು ತೋರಿಸಿ ನಿಂತರೆ ಅವರಿಗೆಲ್ಲ ಒಂದೊಂದು ಮೂಲೆ ಪುಕ್ಕಟೆ ಸಿಗುತ್ತದೆ. ಜಪಾನಿನಿಂದ ಬಂದ ಹಿದೆಯೊ ನೋಮೊ ಬ್ಯಾಟ್ಸ್‌ಮನ್‌ಗೆ ಬೆನ್ನು ತೋರಿಸುವಷ್ಟು ಸೊಂಟ ತಿರುಗಿಸುತ್ತಿದ್ದ, ನಡುವೆ ನಿಲ್ಲುತ್ತಿರಲಿಲ್ಲ. ಹಾಗಾಗಿ ಅದು ಸರಿ.

ನಿಂತವನು ಸ್ಯಾಚೆಲ್ ಪೇಜ್. ಕರಿಯ. ಅಲಬಾಮಾ ರಾಜ್ಯದವನು. ಮುಂದಿನ ಕಾಲು ನೆಲಕ್ಕೆ ಊರಿದ ಮೇಲೂ ಕೈಯನ್ನು ಒಂದು ಕ್ಷಣ ತಡೆದು ಎಸೆಯುತ್ತಿದ್ದ. ಅಷ್ಟರೊಳಗೆ ಬ್ಯಾಟ್ಸ್‌ಮನ್ ಗಾಳಿಗೆ ಬೀಸಿಬಿಡುತ್ತಿದ್ದ. ಕರಿಯರಿಗೆ ದೊಡ್ಡ ಲೀಗಿನ ಬಾಗಿಲು 1947ರವರೆಗೆ ಮುಚ್ಚಿತ್ತು. ಅವರನ್ನು ಸೇರಿಸಬಾರದು ಎಂದು ಆ ಲೀಗಿನ ನಿಯಮದ ಪುಸ್ತಕದಲ್ಲಿ ಬರೆದಿರಲಿಲ್ಲ. ಮಾಲೀಕರ ನಡುವಿನ ಬಾಯಿಮಾತಿನ ಒಪ್ಪಂದ ಅದು, ಅರವತ್ತು ವರ್ಷ ನಡೆಯಿತು. 1948ರಲ್ಲಿ 42ನೇ ವಯಸ್ಸಿಗೆ ಪೇಜ್ ಕ್ಲೀವ್‌ಲ್ಯಾಂಡ್ ಟೀಮಿಗೆ ಬಂದ. ತಡೆದು ಎಸೆಯುವ ಆ ಬಾಲನ್ನು ಲೀಗಿನ ಅಧ್ಯಕ್ಷ ವಿಲ್ ಹ್ಯಾರಿಡ್ಜ್ ಅದೇ ವರ್ಷ ಕಾನೂನುಬಾಹಿರ ಎಂದ. ನಿಯಮದ ಅಕ್ಷರ ಹಿಡಿದರೆ ಹ್ಯಾರಿಡ್ಜ್ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಇಲ್ಲ ಅನ್ನಲಾರೆ. ಆದರೆ ಅರವತ್ತು ವರ್ಷ ಬಾಯಿಮಾತಿನಲ್ಲೇ ಬಾಗಿಲು ಹಾಕಿದವರಿಗೆ, ಒಬ್ಬ ಕರಿಯ ಒಳಗೆ ಬಂದ ವರ್ಷವೇ ಪುಸ್ತಕ ನೆನಪಾಯ್ತು ನೋಡ್ರಿ. ಪೇಜ್ ಆ ಬಾಲು ಬಿಟ್ಟು ಬೇರೆ ಬಾಲು ಹಾಕಿದ. ಆ ಸಲ ಆರು ಗೆದ್ದ, ಒಂದು ಸೋತ.

ಬಾಯಿಮಾತಿನ ನಿಯಮ ನಮಗೆ ಹೊಸದಲ್ಲ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ, ಚಮ್ಮಾರ ಮನೆತನದ ಎಡಗೈ ಬೌಲರ್, ಪುಣೆಯಲ್ಲಿ ಪಿಚ್ ಗುಡಿಸಿ ಉರುಳು ಎಳೆದು ಆಟ ಕಲಿತವರು. ಬಿಳಿಯ ಸಾಹೇಬರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡಿದರು, ಆದರೆ ಬ್ಯಾಟು ಕೈಗೆ ಕೊಡಲಿಲ್ಲ. ಹಿಂದೂ ಟೀಮಿಗೆ ಸೇರಿಸಿಕೊಂಡರು, ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರೂ ಹಿಂದೂ ಟೀಮಿನ ನಾಯಕತ್ವ ಸಿಗಲಿಲ್ಲ. ಅವರ ತಮ್ಮ ವಿಠ್ಠಲರಿಗೆ ಅದು ಸಿಕ್ಕಿದ್ದು 1923ರಲ್ಲಿ. ಬಾಳೂ ಅವರ ಬೌಲಿಂಗಿನಲ್ಲಿ ನಿಯಮಕ್ಕೆ ತಪ್ಪಿದ್ದು ಏನೂ ಇರಲಿಲ್ಲ.

ಹಾಗಾದರೆ ಹೋದ ವರ್ಷದ ಆ ಬಾಲು? ನೋಬಾಲ್ ಅಂತೂ ಅಲ್ಲ. ಕಾಲು ಗೆರೆಯೊಳಗಿತ್ತು, ಕೈ ನೆಟ್ಟಗಿತ್ತು. ಆದರೆ ಅವನು ಆ ಓವರಿನಲ್ಲಿ ತಿರುಗಿದ್ದು ಅದೊಂದೇ ಸಲ. ನಾನೇ ಅಂಪೈರ್ ಆಗಿದ್ದರೆ ಡೆಡ್ ಬಾಲ್ ಅಂತಿದ್ದೆ, ಔಟ್ ಕೊಡ್ತಿರಲಿಲ್ಲ. ಇದನ್ನ ಅವನಿಗೂ ಹೇಳೀನಿ. ಮೊದಲು ಮುಖ ಗಂಟು ಹಾಕ್ಕೊಂಡ. ಈಗ ದಿನಾ ಸಂಜಿ ಕೆರಿ ಅಂಗಳದಾಗ ಪ್ರತಿ ಬಾಲಿಗೂ ಒಂದು ಸುತ್ತು ತಿರುಗಿ ಹಾಕೋದು ರೂಢಿ ಮಾಡ್ಕೊಳ್ಳಾಕ ಹತ್ಯಾನ. ಈ ಸಲದ ಮ್ಯಾಚಿಗೆ ಟಾಸ್ ಹಾಕೋ ಮುಂಚೇನೇ ಅಂಪೈರ್ ಮುಂದೆ, ಎದುರಿನ ಕ್ಯಾಪ್ಟನ್ ಮುಂದೆ ಅದನ್ನ ತಿಳಿಸೋದು ಅಂತ ನಮ್ಮ ಸಂಘದವರು ಮಾತಾಡೀವಿ. ಮೂರನೇ ಓವರಿಗೆ ತಲಿ ತಿರುಗ್ತದಣ್ಣ ಅಂತಾನ ಅವನು.