ಫ್ಲೇವನಾಯ್ಡುಗಳು, ಉರಿಯೂತ ಮತ್ತು ರಾಗಿ

ಫ್ಲೇವನಾಯ್ಡುಗಳು ಗಿಡಗಳು ಹೂವು, ಎಲೆ, ಬೀಜದ ಸಿಪ್ಪೆಗಳಲ್ಲಿ ಕೂಡಿಡುವ ಫೀನಾಲ್ ವರ್ಗದ ವಸ್ತುಗಳು. ರಕ್ಷಣಾಕೋಶಗಳನ್ನು ಹತೋಟಿಗೆ ತಂದು ಉರಿಯೂತ ತಗ್ಗಿಸುವ ಗುಣಕ್ಕಾಗಿ ಇವು ಹೆಸರಾಗಿವೆ. ನಾಟ್ರಾಂಪಾಳ್ಯ, ಅಂಚೆಟ್ಟಿ, ಡೆಂಕಣಿಕೋಟೆ ಕಡೆಯ ಹೊಲಗಳಲ್ಲಿ ಇವುಗಳ ಹತ್ತಿರದ ಮೂಲ ರಾಗಿ. ನೆನೆಹಾಕಿದ ರಾಗಿಯ ನೀರು ಕಂದಾಗುತ್ತದಲ್ಲ, ಅದರಲ್ಲಿ ಸಿಪ್ಪೆಯ ಫೀನಾಲ್‌ಗಳೂ ಒಂದಿಷ್ಟು ಕರಗಿರುತ್ತವೆ.

ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1936ರಲ್ಲಿ ನಿಂಬೆಯ ಫ್ಲೇವನಾಯ್ಡುಗಳನ್ನು ‘ವಿಟಮಿನ್ ಪಿ’ ಎಂದು ಕರೆದರು. ಆ ಹೆಸರು ಉಳಿಯಲಿಲ್ಲ. ಕುಳಿತಲೈಯಲ್ಲಿ ಹುಟ್ಟಿದ ಟಿ. ಆರ್. ಶೇಷಾದ್ರಿ ವಾಲ್ಟೇರ್‌ನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಹತ್ತಿ, ಪುಂಡಿ ಹೂಗಳ ಬಣ್ಣದ ರಚನೆಯನ್ನು ಬಿಡಿಸಿದರು. ಈ ಕೆಲಸ ಬಣ್ಣದ್ದು, ಮದ್ದಿನದಲ್ಲ.

ರಕ್ಷಣಾಕೋಶದ ಕಥೆ ಶುರುವಾದದ್ದು ತಡವಾಗಿ. 1977ರಲ್ಲಿ ಫ್ಯೂಟ್ರೆಲ್ ಮತ್ತು ಗೊಂಪರ್ಟ್ಸ್, ಇಲಿಯ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸುವುದನ್ನು ಫ್ಲೇವನಾಯ್ಡುಗಳು ತಡೆಯುತ್ತವೆಂದು ತೋರಿಸಿದರು. 1981ರಲ್ಲಿ ಎಲಿಯಟ್ ಮಿಡ್ಲ್‌ಟನ್ ತಂಡ ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡು ಬಳಸಿ ಮನುಷ್ಯರ ಬೇಸೋಫಿಲ್ ಕೋಶಗಳಲ್ಲೂ ಅದನ್ನೇ ಕಂಡಿತು. ಕೋಶದೊಳಗೆ ಸಂಕೇತ ದಾಟಿಸುವ ಕೈನೇಸ್ ಕಿಣ್ವಗಳಿಗೆ ಕ್ವೆರ್ಸೆಟಿನ್ ಅಡ್ಡಬರುತ್ತದೆ. ಭಕ್ಷಕ ಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿನ ಚಟುವಟಿಕೆ ಇಳಿದು, ಉರಿಯೂತ ಹಬ್ಬಿಸುವ ಟಿಎನ್‌ಎಫ್ ಕಡಿಮೆ ತಯಾರಾಗುವುದು ಆಮೇಲೆ ತಿಳಿಯಿತು.

ಅದೇ 1977ರಲ್ಲಿ ರಾಮಚಂದ್ರ, ವಿರೂಪಾಕ್ಷ, ಷಡಕ್ಷರಸ್ವಾಮಿ ರಾಗಿಯ ಫೀನಾಲ್‌ಗಳಲ್ಲೊಂದಾದ ಟ್ಯಾನಿನ್ನನ್ನು ಅಳೆದಿದ್ದರು. ಅವರ ಎಣಿಕೆಯಲ್ಲಿ ಅದು ದೋಷ: ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುತ್ತದೆ, ಬಿಳಿ ರಾಗಿಯಲ್ಲಿ ಅದು ಅತ್ಯಲ್ಪ. ಮೂವತ್ತು ವರ್ಷದ ಬಳಿಕ, 2007ರಲ್ಲಿ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಚೇತನ್ ಮತ್ತು ಎನ್. ಜಿ. ಮಲ್ಲೇಶಿ ರಾಗಿಯ ಪಾಲಿಫೀನಾಲ್‌ಗಳು ಬಹುಪಾಲು ಸಿಪ್ಪೆಯಲ್ಲಿವೆ ಎಂದು ವರದಿ ಮಾಡುವ ಹೊತ್ತಿಗೆ ಅವೇ ಆರೋಗ್ಯದ ಬಂಡವಾಳವಾಗಿದ್ದವು. ಕ್ಯಾಟೆಚಿನ್, ಎಪಿಕ್ಯಾಟೆಚಿನ್, ಕ್ವೆರ್ಸೆಟಿನ್ ಅಲ್ಲಿವೆ.

ಇಷ್ಟಕ್ಕೇ ಮುದ್ದೆ ಕೀಲುನೋವಿನ ಔಷಧಿ ಎಂದುಬಿಡುವುದು ಅವಸರ. ಗಾಜಿನ ತಟ್ಟೆಯ ಕೋಶಕ್ಕೆ ಸುರಿಯುವಷ್ಟು ಕ್ವೆರ್ಸೆಟಿನ್ ಊಟದಿಂದ ರಕ್ತಕ್ಕೆ ಏರುವುದಿಲ್ಲ. ಕರುಳು, ಯಕೃತ್ತು ಅದಕ್ಕೆ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಅಂಟಿಸಿ ರೂಪ ಬದಲಿಸುತ್ತವೆ. ಟ್ಯಾನಿನ್‌ಗಳಂತೂ ಗಾತ್ರದಲ್ಲಿ ದೊಡ್ಡವು, ಹೀರಲ್ಪಡುವುದೇ ಕಷ್ಟ. ಕೂಸಿನ ಸರಿಹಿಟ್ಟಿಗೆಂದು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಾಗ ಟ್ಯಾನಿನ್ ಇನ್ನಷ್ಟು ಇಳಿಯುತ್ತದೆ, ಹಿಟ್ಟು ಸುಲಭವಾಗಿ ಅರಗುತ್ತದೆ.